ಬಾಡಿಗೆ ಕೇಳುವ ಮೊದಲು ಬ್ಯಾಂಡ್ ಕೇಳಿ

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಪ್ರದೇಶದಲ್ಲಿ ಬಾಡಿಗೆ ಮನೆ ಕೊಡಿಸುವ ಒಂದು ಕಚೇರಿಯಲ್ಲಿ ನನ್ನ ಕೆಲಸ. ಆಸ್ಪತ್ರೆ, ಐಟಿ ಕಂಪನಿ, ವಿಶ್ವವಿದ್ಯಾಲಯ ಎಂದು ಊರಿಗೆ ಬರುವ ಕನ್ನಡಿಗರು ಯಾರಿಂದಲೋ ನಂಬರ್ ಪಡೆದು ಫೋನ್ ಮಾಡುತ್ತಾರೆ. ಬಾಡಿಗೆ ಎಷ್ಟು, ಡಿಪಾಸಿಟ್ ಎಷ್ಟು, ನಮ್ಮ ಅಕ್ಕಿ ಸಿಗುವ ಅಂಗಡಿ ಎಷ್ಟು ದೂರ ಎಂದೆಲ್ಲ ವಿಚಾರಿಸುತ್ತಾರೆ. ಕೌನ್ಸಿಲ್ ಟ್ಯಾಕ್ಸ್, ಎಂದರೆ ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆಯ ವಿಷಯ ಎತ್ತುವವರು ಅಪರೂಪ. ಅವರನ್ನು ದೂರುವಂತಿಲ್ಲ. ಕರ್ನಾಟಕದಲ್ಲಿ ಮನೆ ಕಂದಾಯ ಮಾಲೀಕರ ಪಾಡು; ಏಪ್ರಿಲ್‌ನಲ್ಲೇ ಕಟ್ಟಿ ಶೇ 5ರ ರಿಯಾಯಿತಿ ಪಡೆಯಲು ಓಡಾಡುವವರೂ ಅವರೇ. ಇಲ್ಲಿ ಹಾಗಲ್ಲ. ಮನೆಯಲ್ಲಿ ವಾಸವಿರುವವರ ಹೆಸರಿಗೇ ಬಿಲ್ ಬರುತ್ತದೆ, ಅದೂ ತಿಂಗಳ ಲೆಕ್ಕವನ್ನೇ ಬುಡಮೇಲು ಮಾಡುವಷ್ಟು.

ಬಿಲ್ ಎಷ್ಟು ಎನ್ನುವುದು ಮನೆಯ ಬ್ಯಾಂಡ್, ಎಂದರೆ ಬೆಲೆಯ ದರ್ಜೆಯ ಮೇಲೆ ನಿಂತಿದೆ. ಆ ಬ್ಯಾಂಡ್ ನಿರ್ಧಾರವಾಗುವುದು ಒಂದು ವಿಚಿತ್ರ ಪ್ರಶ್ನೆಯಿಂದ. 1991ರ ಏಪ್ರಿಲ್ 1ರಂದು ಈ ಮನೆಯನ್ನು ಮಾರಿದ್ದರೆ ಎಷ್ಟು ಬರುತ್ತಿತ್ತು? ಉತ್ತರ 40 ಸಾವಿರ ಪೌಂಡ್‌ವರೆಗೆ ಇದ್ದರೆ ಎ ಬ್ಯಾಂಡ್. 52 ಸಾವಿರದವರೆಗೆ ಬಿ, 68 ಸಾವಿರದವರೆಗೆ ಸಿ, 88 ಸಾವಿರದವರೆಗೆ ಡಿ, 1.2 ಲಕ್ಷದವರೆಗೆ ಇ, 1.6 ಲಕ್ಷದವರೆಗೆ ಎಫ್, 3.2 ಲಕ್ಷದವರೆಗೆ ಜಿ, ಅದಕ್ಕೂ ಮೇಲಿನದ್ದು ಎಚ್. ಎ ಬ್ಯಾಂಡಿನ ಆ ಬೆಲೆಗೆ ಇಂದು ಲಂಡನ್ನಿನಲ್ಲಿ ಕಾರು ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. ಆದರೂ ಇಂಗ್ಲೆಂಡಿನಲ್ಲಿ ಇಂದಿಗೂ ನಡೆಯುತ್ತಿರುವುದು ಅದೇ ಪಟ್ಟಿ. ಅದಕ್ಕೂ ಮೊದಲು ಥ್ಯಾಚರ್ ಸರ್ಕಾರ ತಂದಿದ್ದ ತಲೆಗಂದಾಯಕ್ಕೆ ಜನ ಬೀದಿಗಿಳಿದು ಪ್ರತಿಭಟಿಸಿದರು. ಅದನ್ನು ಕಿತ್ತುಹಾಕಿ 1993ರ ಏಪ್ರಿಲ್‌ನಲ್ಲಿ ಕೌನ್ಸಿಲ್ ಟ್ಯಾಕ್ಸ್ ತರುವಾಗ ಮೌಲ್ಯಮಾಪನ ಅವಸರದಲ್ಲಿ ನಡೆಯಿತು. ಎಷ್ಟೋ ಬೀದಿಗಳಲ್ಲಿ ಕಾರಿನಿಂದ ಇಳಿಯದೆಯೇ ಮನೆಗಳಿಗೆ ಬೆಲೆ ಕಟ್ಟಿದರು. ಇಂಗ್ಲೆಂಡಿನಲ್ಲಿ ಮರುಮೌಲ್ಯಮಾಪನ ನಡೆಸಿ ಮುಗಿಸುವ ಧೈರ್ಯ ಆಮೇಲೆ ಯಾವ ಸರ್ಕಾರಕ್ಕೂ ಬಂದಿಲ್ಲ.

ಬ್ಯಾಂಡ್ ಕೊಡುವುದು ಕೇಂದ್ರದ ವ್ಯಾಲ್ಯುಯೇಷನ್ ಆಫೀಸ್. ದರ ಹಾಕುವುದು ಸ್ಥಳೀಯ ಕೌನ್ಸಿಲ್. ಕೌನ್ಸಿಲ್ ನಿಗದಿ ಮಾಡುವುದು ಡಿ ಬ್ಯಾಂಡಿನ ಮೊತ್ತವನ್ನು. ಉಳಿದವೆಲ್ಲ ಅದರ ಒಂಬತ್ತನೇ ಭಾಗಗಳ ಲೆಕ್ಕ: ಎ ಬ್ಯಾಂಡಿಗೆ ಆರು ಭಾಗ, ಬಿಗೆ ಏಳು, ಸಿಗೆ ಎಂಟು, ಡಿಗೆ ಒಂಬತ್ತು, ಇಗೆ ಹನ್ನೊಂದು, ಎಫ್‌ಗೆ ಹದಿಮೂರು, ಜಿಗೆ ಹದಿನೈದು, ಎಚ್‌ಗೆ ಹದಿನೆಂಟು. 2025-26ರಲ್ಲಿ ಇಂಗ್ಲೆಂಡಿನ ಸರಾಸರಿ ಡಿ ಬಿಲ್ 2,280 ಪೌಂಡ್. ಆ ಲೆಕ್ಕದಲ್ಲಿ ಎ 1,520, ಎಚ್ 4,560. ಎಚ್ ಬ್ಯಾಂಡಿನ ಮನೆ ಎ ಬ್ಯಾಂಡಿನದ್ದಕ್ಕಿಂತ ಕಡಿಮೆಯೆಂದರೂ ಎಂಟು ಪಟ್ಟು ಬೆಲೆಯದ್ದು, ತೆರಿಗೆ ಮಾತ್ರ ಮೂರೇ ಪಟ್ಟು. ಇದನ್ನು ನ್ಯಾಯ ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. 20 ಲಕ್ಷ ಪೌಂಡ್ ಮೀರಿದ ಮನೆಗಳ ಮಾಲೀಕರಿಗೆ 2028ರ ಏಪ್ರಿಲ್‌ನಿಂದ ಹೆಚ್ಚುವರಿ ಶುಲ್ಕ ಹಾಕುವುದಾಗಿ 2025ರ ನವೆಂಬರ್ ಬಜೆಟ್‌ನಲ್ಲಿ ಸರ್ಕಾರ ಹೇಳಿದೆ.

ಕೌನ್ಸಿಲ್ ಬದಲಾದರೆ ಅಕ್ಷರಕ್ಕೆ ಬೆಲೆಯೇ ಇಲ್ಲ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಡಿ ಬ್ಯಾಂಡಿನ ಬಿಲ್ ಸುಮಾರು ಸಾವಿರ ಪೌಂಡ್. ನಾಟಿಂಗ್‌ಹ್ಯಾಮ್‌ನಲ್ಲಿ ಅದು 2,500 ದಾಟಿದೆ. ಎಂದರೆ ವೆಸ್ಟ್‌ಮಿನ್‌ಸ್ಟರ್‌ನ ಎಚ್ ಬ್ಯಾಂಡಿನ ಬಂಗಲೆಯವರಿಗಿಂತ ನಾಟಿಂಗ್‌ಹ್ಯಾಮ್‌ನ ಡಿ ಬ್ಯಾಂಡಿನ ಸಾಮಾನ್ಯ ಮನೆಯವರೇ ಹೆಚ್ಚು ಕಟ್ಟುತ್ತಾರೆ. ಊರಿನ ಗಡಿಯಲ್ಲಿ ಮನೆ ಹುಡುಕುವವರಿಗೆ ನಾನು ಮೊದಲು ಹೇಳುವುದು, ಯಾವ ಕೌನ್ಸಿಲ್‌ಗೆ ಸೇರಿದ ಬೀದಿ ಎಂದು ನೋಡಿಕೊಳ್ಳಿ ಎಂದೇ.

ಇನ್ನು ಮನೆಯ ಬಗೆ. "ಮನೆ ಇಷ್ಟು ಚಿಕ್ಕದು, ಬ್ಯಾಂಡ್ ಯಾಕೆ ಇಷ್ಟು ದೊಡ್ಡದು ಮೇಡಂ?" ಎಂದು ಕೇಳುತ್ತಾರೆ. ಎಷ್ಟು ಬೆಡ್‌ರೂಮ್, ಎಷ್ಟು ಚದರಡಿ ಎನ್ನುವುದನ್ನು ಬ್ಯಾಂಡ್ ನೇರವಾಗಿ ನೋಡುವುದಿಲ್ಲ. ಅಂದಿನ ಮಾರುಕಟ್ಟೆ ಬೆಲೆಯನ್ನು ನೋಡುತ್ತದೆ. ನಮ್ಮ ಕಡೆ ಗೋಡೆಗೆ ಗೋಡೆ ಅಂಟಿಸಿ ಸಾಲಾಗಿ ಕಟ್ಟಿದ ಹಳೆಯ ಟೆರೇಸ್ ಮನೆಗಳು ಬಹುತೇಕ ಎ ಅಥವಾ ಬಿ. ಮೂರು ಬೆಡ್‌ರೂಮ್ ಇದ್ದರೂ ಅಷ್ಟೇ, ಏಕೆಂದರೆ 1991ರಲ್ಲಿ ಅವನ್ನು ಕೇಳುವವರಿರಲಿಲ್ಲ. ಅಂಥದ್ದೇ ಮನೆ ಲಂಡನ್ನಿನ ಒಳ್ಳೆಯ ಬಡಾವಣೆಯಲ್ಲಿದ್ದರೆ ಇ ಅಥವಾ ಎಫ್. ಒಂದು ಗೋಡೆಯನ್ನಷ್ಟೇ ಹಂಚಿಕೊಳ್ಳುವ ಸೆಮಿ ಮನೆಗಳು ನಮ್ಮಲ್ಲಿ ಹೆಚ್ಚಾಗಿ ಬಿ, ಸಿ, ಡಿ. ಒಂಟಿಯಾಗಿ ನಿಂತ ಡಿಟ್ಯಾಚ್ಡ್ ಮನೆ ಎಂದರೆ ಡಿ ಅಥವಾ ಅದಕ್ಕೂ ಮೇಲೆ. ಕಾಲುವೆಯಲ್ಲಿ ಕಾಯಂ ಕಟ್ಟಿಹಾಕಿ ವಾಸಿಸುವ ದೋಣಿಮನೆಗೂ ಬ್ಯಾಂಡ್ ಇದೆ, ಸಾಮಾನ್ಯವಾಗಿ ಎ.

ಸೆಮಿ ಮನೆಗಳಲ್ಲಿ ಬಾಡಿಗೆದಾರರಿಗೆ ಲಾಭ ತರುವ ಒಂದು ಒಳಗುಟ್ಟಿದೆ. ಮಾಲೀಕರು ಹಿಂದೆ ಅಡುಗೆಮನೆ ವಿಸ್ತರಿಸಿ, ಮೇಲೆ ಅಟ್ಟವನ್ನು ಕೋಣೆ ಮಾಡಿದರೂ ಬ್ಯಾಂಡ್ ಕೂಡಲೇ ಏರುವುದಿಲ್ಲ. ಸಾಮಾನ್ಯವಾಗಿ ಮನೆ ಮಾರಾಟವಾದಾಗಲೇ ಮರುಪರಿಶೀಲನೆ. ವರ್ಷ ಎರಡು ವರ್ಷದ ಮಾಮೂಲಿ ಬಾಡಿಗೆ ಒಪ್ಪಂದ ಅದಕ್ಕೆ ಕಾರಣವಾಗುವುದಿಲ್ಲ. ಹೀಗಾಗಿ ಒಂದೇ ಬೀದಿಯಲ್ಲಿ ಎದುರುಬದುರು ಇರುವ, ಒಂದೇ ಅಳತೆಗೆ ಬೆಳೆದ ಎರಡು ಸೆಮಿಗಳಲ್ಲಿ ಒಂದು ಸಿ, ಇನ್ನೊಂದು ಡಿ ಆಗಿರುವುದನ್ನು ನಾನೇ ತೋರಿಸಿದ್ದೇನೆ. ದೊಡ್ಡ ಕುಟುಂಬಕ್ಕೆ, ವಿಸ್ತರಿಸಿದ ಮೇಲೆ ಒಮ್ಮೆಯೂ ಮಾರಾಟವಾಗದ ಮನೆ ಹುಡುಕಿಕೊಡುವುದು ನನಗೆ ಖುಷಿಯ ಕೆಲಸ. ಕೊಳ್ಳುವವರಿಗಾದರೆ ಇದೇ ತಿರುಗುಬಾಣ. ಜಾಹೀರಾತಿನಲ್ಲಿ ಸಿ ಎಂದು ಕಂಡದ್ದು ನೋಂದಣಿಯಾದ ಮೇಲೆ ಡಿ ಆಗಬಹುದು.

ಹಳೆಯ ಮನೆಯೊಂದನ್ನು ಎರಡು ಫ್ಲ್ಯಾಟ್ ಮಾಡಿದರೆ ಎರಡಕ್ಕೂ ಬೇರೆ ಬೇರೆ ಬ್ಯಾಂಡ್. ಎರಡೂ ಎ ಆದರೂ ಆರಕ್ಕೆ ಆರು ಸೇರಿ ಹನ್ನೆರಡು ಭಾಗ. ಇಡೀ ಮನೆ ಡಿ ಆಗಿದ್ದಾಗ ಕೌನ್ಸಿಲ್‌ಗೆ ಸಿಗುತ್ತಿದ್ದದ್ದು ಒಂಬತ್ತೇ. ಕೋಣೆ ಕೋಣೆಯಾಗಿ ಬಾಡಿಗೆಗೆ ಬಿಡುವ ಹಂಚಿಕೆಯ ಮನೆಗಳಲ್ಲಿ ಮೊದಲು ಒಂದೊಂದು ಕೋಣೆಗೂ ಪ್ರತ್ಯೇಕ ಎ ಬ್ಯಾಂಡ್ ಬಿದ್ದು ಬಾಡಿಗೆದಾರರು ಕಂಗಾಲಾಗುತ್ತಿದ್ದರು. ಇಂಗ್ಲೆಂಡಿನಲ್ಲಿ 2023ರ ಡಿಸೆಂಬರ್ 1ರಿಂದ ಅಂಥ ಮನೆಗೆ ಒಟ್ಟಾರೆ ಒಂದೇ ಬ್ಯಾಂಡ್, ಕಟ್ಟುವವರು ಮಾಲೀಕರು. ಒಬ್ಬರೇ ಬಂದವರಿಗೆ ಮೊದಲ ವರ್ಷಕ್ಕೆ ಇದು ನಿಶ್ಚಿಂತೆಯ ದಾರಿ.

ಹೊಸ ಅಪಾರ್ಟ್‌ಮೆಂಟ್‌ಗಳ ವಿಷಯದಲ್ಲಿ ಎಚ್ಚರ ಬೇಕು. 1991ರಲ್ಲಿ ಇಟ್ಟಿಗೆಯೂ ಇಲ್ಲದ ಕಟ್ಟಡಕ್ಕೂ, ಅಂದು ಇದ್ದಿದ್ದರೆ ಎಷ್ಟಾಗುತ್ತಿತ್ತು ಎಂದು ಊಹಿಸಿಯೇ ಬ್ಯಾಂಡ್ ಕೊಡುತ್ತಾರೆ. ಅದಕ್ಕೆ ಸಮಯ ಹಿಡಿಯುತ್ತದೆ. ಮೈಸೂರಿನಿಂದ ಬಂದ ದಂಪತಿಯೊಬ್ಬರು ಇಂಥ ಫ್ಲ್ಯಾಟ್ ಹಿಡಿದಾಗ ಜಾಹೀರಾತಿನಲ್ಲಿ "ಬ್ಯಾಂಡ್ ಇನ್ನೂ ನಿಗದಿಯಾಗಿಲ್ಲ" ಎಂದಿತ್ತು. ತಿಂಗಳುಗಟ್ಟಲೆ ಬಿಲ್ ಬರದಿದ್ದಾಗ ತೆರಿಗೆಯೇ ಇಲ್ಲವೇನೋ ಎಂದುಕೊಂಡರು. ಆಮೇಲೆ ಬಂದ ಬಿಲ್ ಬೀಗದ ಕೈ ಪಡೆದ ದಿನದಿಂದ ಲೆಕ್ಕ ಹಾಕಿದ್ದು. ಕೌನ್ಸಿಲ್‌ಗೆ ಫೋನ್ ಮಾಡಿ ಕಂತು ಮಾಡಿಸಿಕೊಟ್ಟೆವು. ಈಗ ಅಂಥ ಫ್ಲ್ಯಾಟ್ ತೋರಿಸುವಾಗಲೇ, ಪಕ್ಕದ ಕಟ್ಟಡದ ಬ್ಯಾಂಡ್ ನೋಡಿ ತಿಂಗಳಿಗೆ ಅಷ್ಟು ಹಣ ಎತ್ತಿಡಿ ಎನ್ನುತ್ತೇನೆ.

ಲೆಕ್ಕ ಎಷ್ಟು ತಿರುಗಿಬೀಳುತ್ತದೆ ನೋಡಿ. ಬಿ ಬ್ಯಾಂಡಿನ ಮನೆಗೆ ತಿಂಗಳಿಗೆ 1,100 ಪೌಂಡ್ ಬಾಡಿಗೆ, ಇ ಬ್ಯಾಂಡಿನದ್ದಕ್ಕೆ 1,050 ಎಂದುಕೊಳ್ಳಿ. ಐವತ್ತು ಉಳಿಯಿತೆಂದು ಎರಡನೆಯದಕ್ಕೆ ಕೈಚಾಚುವವರೇ ಹೆಚ್ಚು. ಸರಾಸರಿ ದರದಲ್ಲಿ ಬಿ ಬಿಲ್ ವರ್ಷಕ್ಕೆ 1,773, ಇ ಬಿಲ್ 2,787. ತಿಂಗಳಿಗೆ ಸುಮಾರು 84 ಪೌಂಡ್ ಅಂತರ. ಅಗ್ಗದ ಮನೆ 34 ಪೌಂಡ್ ದುಬಾರಿಯಾಯಿತು.

ಮನೆಯಲ್ಲಿ ಯಾರಿದ್ದಾರೆ ಎನ್ನುವುದೂ ಮುಖ್ಯ. ವಯಸ್ಕರು ಒಬ್ಬರೇ ಇದ್ದರೆ ಶೇ 25 ಕಡಿತ. ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಪೂರ್ತಿ ವಿನಾಯಿತಿ. ಒಬ್ಬರು ಉದ್ಯೋಗಿ, ಒಬ್ಬರು ವಿದ್ಯಾರ್ಥಿ ಇದ್ದರೆ ವಿದ್ಯಾರ್ಥಿಯನ್ನು ಎಣಿಸುವುದಿಲ್ಲ, ಹಾಗಾಗಿ ಅಲ್ಲೂ ಶೇ 25 ಸಿಗುತ್ತದೆ. ವಿದ್ಯಾರ್ಥಿಯ ಜೊತೆ ಅವಲಂಬಿತ ವೀಸಾದಲ್ಲಿ ಬಂದ ಗಂಡ ಅಥವಾ ಹೆಂಡತಿಯನ್ನೂ, ಸರ್ಕಾರಿ ನೆರವು ಪಡೆಯುವಂತಿಲ್ಲ ಎಂಬ ಷರತ್ತು ವೀಸಾದಲ್ಲಿದ್ದರೆ, ಎಣಿಕೆಯಿಂದ ಬಿಡಬಹುದು. ಇದನ್ನು ಕೇಳದೆ ಹಣ ಕಟ್ಟುತ್ತಾ ಕುಳಿತ ಮನೆಗಳನ್ನು ಕಂಡಿದ್ದೇನೆ. ಶಿವಮೊಗ್ಗದಿಂದ ಅಮ್ಮ ಕೆಲವು ತಿಂಗಳು ಬಂದು ಉಳಿದರೆ ರಿಯಾಯಿತಿ ಹೋಗುತ್ತದೆಯೇ ಎಂದು ಕೇಳುವವರಿದ್ದಾರೆ. ಅಮ್ಮನ ಮುಖ್ಯ ಮನೆ ಶಿವಮೊಗ್ಗದಲ್ಲೇ ಇರುವುದರಿಂದ ಸಾಮಾನ್ಯವಾಗಿ ಹೋಗುವುದಿಲ್ಲ. ಇವ್ಯಾವುವೂ ತಾವಾಗಿ ಬರುವುದಿಲ್ಲ, ಅರ್ಜಿ ಹಾಕಬೇಕು.

ಗ್ಲಾಸ್ಗೋ, ಕಾರ್ಡಿಫ್ ಕಡೆಗೆ ವರ್ಗವಾಗುವವರು ಈ ಪಟ್ಟಿಯನ್ನು ಹೊತ್ತೊಯ್ಯಬಾರದು. ಸ್ಕಾಟ್ಲೆಂಡಿನಲ್ಲೂ 1991ರ ಬೆಲೆಯೇ, ಆದರೆ ಮಿತಿಗಳು ಕೆಳಗಿವೆ. 27 ಸಾವಿರಕ್ಕೇ ಎ ಮುಗಿಯುತ್ತದೆ, ನೀರಿನ ಶುಲ್ಕವೂ ಅದೇ ಬಿಲ್‌ನಲ್ಲಿ ಬರುತ್ತದೆ. ವೇಲ್ಸ್ 2003ರ ಬೆಲೆಗೆ ಬದಲಾಗಿ ಒಂಬತ್ತನೆಯದಾಗಿ ಐ ಬ್ಯಾಂಡ್ ಸೇರಿಸಿಕೊಂಡಿದೆ. ಉತ್ತರ ಐರ್ಲೆಂಡಿನಲ್ಲಿ ಬ್ಯಾಂಡ್‌ಗಳೇ ಇಲ್ಲ.

ಬ್ಯಾಂಡ್ ತಪ್ಪಾಗಿದೆ ಅನ್ನಿಸಿದರೆ ಸರ್ಕಾರದ ಜಾಲತಾಣದಲ್ಲಿ ಪೋಸ್ಟ್‌ಕೋಡ್ ಹಾಕಿ ಅಕ್ಕಪಕ್ಕದ ಅದೇ ಬಗೆಯ ಮನೆಗಳ ಬ್ಯಾಂಡ್ ಉಚಿತವಾಗಿ ನೋಡಬಹುದು. ಹೊಸದಾಗಿ ಬಿಲ್ ಕಟ್ಟುವವರಾದ ಮೊದಲ ಆರು ತಿಂಗಳೊಳಗೆ ವಿಧಿವತ್ತಾಗಿ ಪ್ರಶ್ನಿಸುವ ಹಕ್ಕಿದೆ. ದುಡ್ಡು ಕೊಟ್ಟರೆ ಬ್ಯಾಂಡ್ ಇಳಿಸಿಕೊಡುತ್ತೇವೆ ಎಂದು ಫೋನ್ ಮಾಡುವವರನ್ನು ನಂಬಬೇಡಿ. ಅರ್ಜಿ ಕಳುಹಿಸುವ ಮುನ್ನ ನೆರೆಮನೆಗಳ ಪಟ್ಟಿಯನ್ನು ಚೆನ್ನಾಗಿ ನೋಡಿಕೊಳ್ಳಿ. ಪರಿಶೀಲನೆಯಲ್ಲಿ ನಿಮ್ಮ ಬ್ಯಾಂಡ್ ಮೇಲೂ ಹೋಗಬಹುದು, ನೆರೆಯವರದ್ದೂ ಹೋಗಬಹುದು.