ಯಾರೂ ಕೈ ಹಾಕದ ಬೋರ್ಡ್

ಹೋದ ವಾರ ನಮ್ಮ ಕಿಚನ್‌ನ ಹೊಸ ಕಮಿ (ಕೆಲಸ ಕಲಿಯುವ ಕಿರಿಯ ಕುಕ್) ಹುಡುಗ ಸಲಾಮಿ, ಅಂದರೆ ಒಣಗಿಸಿದ ಮಾಂಸದ ಸಾಸೇಜಿನ ಸ್ಲೈಸುಗಳನ್ನು ಗ್ಲಾಸಿನ ಬಾಯಿಗೆ ಒಂದರ ಮೇಲೊಂದು ಸುತ್ತಿ ಗುಲಾಬಿ ಮಾಡುತ್ತಾ ನಿಂತಿದ್ದ. ನೋಡಿದ ಕೂಡಲೇ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ಆರು ವರ್ಷದ ಹಿಂದೆ ಅದೇ ಟೇಬಲ್ ಹತ್ತಿರ ನಾನೂ ಹಾಗೇ ನಿಂತಿದ್ದೆ.

ಅವತ್ತು ಕಾಕ್‌ಟೇಲ್ ಪಾರ್ಟಿ, 40 ಕವರ್, ಅಂದರೆ 40 ಜನ. ಪಾರ್ಟಿಯ ಆರ್ಡರ್ ಚೀಟಿ ಬಿಇಒದಲ್ಲಿ ಇದ್ದದ್ದು ಒಂದೇ ಸಾಲು: ಶಾರ್ಕೂಟರಿ ಬೋರ್ಡ್, 7 ಗಂಟೆ. ಅಂದರೆ ಹಲಗೆಯ ಮೇಲೆ ಜೋಡಿಸಿದ ಮಾಂಸ, ಚೀಸ್. ಮಾಂಸ ತಿನ್ನದವರು ಎಷ್ಟು ಜನ, ನಟ್ಸ್ ಅಲರ್ಜಿ ಯಾರಿಗಿದೆ, ಗರ್ಭಿಣಿಯರು ಬರುತ್ತಾರಾ, ಒಂದಕ್ಷರ ಇಲ್ಲ. ಸೇಲ್ಸ್‌ನವರು ಇವತ್ತಿಗೂ ಅದನ್ನು ಬರೆಯುವುದಿಲ್ಲ. ಈಗ ನಾನೇ ಫೋನ್ ಮಾಡಿ ಕೇಳುತ್ತೇನೆ. ಅವತ್ತು ಕೇಳಲಿಲ್ಲ.

ಕೋಲ್ಡ್ ಕಿಚನ್‌ನಲ್ಲಿ ನಾನೊಬ್ಬನೇ ಹೊಣೆ ಹೊತ್ತ ಮೊದಲ ಬೋರ್ಡ್ ಅದು. ಲೆಕ್ಕವೇನೋ ಸರಿ ಇತ್ತು. ಆಮೇಲೆ ಊಟ ಇದ್ದದ್ದರಿಂದ ತಲೆಗೆ 60 ಗ್ರಾಂ ಮಾಂಸ, ಅಷ್ಟೇ ಚೀಸ್, ಅಂದರೆ ಒಟ್ಟು ಮಾಂಸ 2.4 ಕಿಲೋ, ಚೀಸ್ 2.4 ಕಿಲೋ. ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆ ಪ್ರೊಶುಟ್ಟೊ, ಎರಡು ಬಗೆಯ ಸಲಾಮಿ, ಅರೆದು ಬೇಯಿಸಿದ ಮಾಂಸದ ಒಂದು ಪಾಟೆ. ಚೀಸಿನಲ್ಲಿ ಮೆತ್ತಗಿನ ಬ್ರೀ, ಕುರಿಹಾಲಿನ ಮಾಂಚೇಗೊ, ಗಟ್ಟಿ ಪಾರ್ಮಿಜಾನೊ. ಉಪ್ಪು, ಕೊಬ್ಬಿನ ಜಿಡ್ಡು ಕಡಿಯಲು ಕಾರ್ನಿಶೋ ಅನ್ನುವ ಪುಟ್ಟ ಸೌತೆಯ ಉಪ್ಪಿನಕಾಯಿ, ಸಾಸಿವೆ, ಅಂಜೂರದ ಜಾಮ್, ದ್ರಾಕ್ಷಿ. ಈ ಆಯ್ಕೆಯಲ್ಲಿ ಒಂದನ್ನೂ ಇವತ್ತಿಗೂ ಬದಲಾಯಿಸುವುದಿಲ್ಲ.

ಎಡವಿದ್ದು ಜೋಡಿಸಿದ್ದರಲ್ಲಿ. ಮಾರ್ಕೆಟಿಂಗ್‌ಗೆ 6:30ಕ್ಕೆ ಫೋಟೊ ಬೇಕಿತ್ತು, ನಾನು ಫೋಟೊಗೇ ಜೋಡಿಸಿದೆ. ಬ್ರೀ ಚಕ್ರ ಇಡಿಯಾಗಿ ನಡುವೆ. ಪಾರ್ಮಿಜಾನೊ ಒಂದೇ ಗಟ್ಟಿ. ದ್ರಾಕ್ಷಿ ಇಡೀ ಗೊಂಚಲು. ಹನ್ನೆರಡು ಸಲಾಮಿ ಗುಲಾಬಿ, ಬ್ರೀಗೆ ಒರಗಿಸಿ. ಹಲಗೆಯ ಮರ ಎಲ್ಲೂ ಕಾಣದ ಹಾಗೆ ಸಂದಿಸಂದಿಗೂ ಕ್ರ್ಯಾಕರ್ ತುರುಕಿದ್ದೆ. ಸ್ಟೋರ್‌ನಿಂದ ಬಂದ ಚಾಕು ಎರಡು, ಎರಡೂ ಬೆಣ್ಣೆ ಸವರುವಂಥವು. ಸ್ಟೋರ್‌ಗೆ ಕೊಡುವ ಬೇಡಿಕೆ ಚೀಟಿ ಇಂಡೆಂಟ್‌ನಲ್ಲಿ ಚೀಸ್ ನೈಫ್ ಬರೆದು ಎರಡು ತಿಂಗಳಾಗಿತ್ತು.

7 ಗಂಟೆಗೆ ಅತಿಥಿಗಳು ಬಂದರು. ಬಗ್ಗಿ ನೋಡಿದರು, ಫೋನ್ ತೆಗೆದು ಫೋಟೊ ಹೊಡೆದರು, ಹಿಂದೆ ಸರಿದರು. ನನಗೆ ಎದೆ ಉಬ್ಬಿತು. ಹತ್ತು ನಿಮಿಷ ಆಯಿತು, ಹದಿನೈದಾಯಿತು, ಹಲಗೆ ಇಟ್ಟ ಹಾಗೇ ಇತ್ತು. ಇನ್ನೂ ಹಸಿವಾಗಿಲ್ಲ ಅಂದುಕೊಂಡೆ. ನನ್ನ ದೊಡ್ಡ ತಪ್ಪು ಅದೇ. ಅವರಿಗೆ ಹಸಿವಾಗಿತ್ತು, ಪಕ್ಕದ ಬ್ರೆಡ್ ಬುಟ್ಟಿ ಖಾಲಿಯಾಗುತ್ತಿತ್ತು. ಒಬ್ಬರು ಟೂತ್‌ಪಿಕ್‌ನಿಂದ ಗುಲಾಬಿಯ ಒಂದು ಎಸಳು ಎಳೆದರು, ಇಡೀ ಗುಲಾಬಿ ಎದ್ದು ಬಂತು. ಸುತ್ತ ನೋಡಿ ಮೆಲ್ಲಗೆ ವಾಪಸ್ ಒತ್ತಿಟ್ಟರು. ಇನ್ನೊಬ್ಬರು ಮಾಂಚೇಗೊ ಮೇಲೆ ಆ ಮೊಂಡು ಚಾಕು ಒತ್ತಿದರು. ಚೀಸ್ ಜಾರಿ ಜಾಮಿನ ಬಟ್ಟಲಿಗೆ ಬಡಿಯಿತು. ಚಾಕುವನ್ನು ನ್ಯಾಪ್‌ಕಿನ್‌ನಲ್ಲಿ ಒರೆಸಿಟ್ಟು ಹೊರಟುಹೋದರು.

ಅಷ್ಟರಲ್ಲಿ ದೀಪದ ಕೆಳಗೆ ಪ್ರೊಶುಟ್ಟೊದ ಬಿಳಿ ಕೊಬ್ಬು ಗಾಜಿನ ಹಾಗೆ ಪಾರದರ್ಶಕವಾಗತೊಡಗಿತ್ತು. ಸಲಾಮಿ ಮೇಲೆ ಎಣ್ಣೆಯ ಹನಿ. ಬ್ರೀ ಪಕ್ಕದ ಕ್ರ್ಯಾಕರ್ ಎತ್ತಿದರೆ ಬಟ್ಟೆಯ ಹಾಗೆ ಬಾಗಿತು. ಬೋರ್ಡ್ ಹೊರಗಿಟ್ಟದ್ದು 6:30ಕ್ಕೆ, ಎರಡು ಗಂಟೆಯ ಮಿತಿ ಅಂದರೆ 8:30ಕ್ಕೆ ಎತ್ತಲೇಬೇಕು. ಗಡಿಯಾರ ನೋಡಿದೆ: 7:25.

ಆಗ ಒಬ್ಬ ಹಿರಿಯ ಹೆಂಗಸು ಹತ್ತಿರ ಬಂದು, ‘ನಾನು ಮಾಂಸ ತಿನ್ನಲ್ಲಪ್ಪ, ಯಾವ ಚೀಸ್ ತಗೋಬಹುದು?’ ಅಂತ ಕೇಳಿದರು. ಪಾರ್ಮಿಜಾನೊಗೆ ಹಾಲು ಹೆಪ್ಪುಗಟ್ಟಿಸಲು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್, ಅದಾಗುವುದಿಲ್ಲ. ಮಾಂಚೇಗೊದ ರೆನೆಟ್ ಯಾವುದು ಅಂತ ಲೇಬಲ್ ನೋಡಿರಲಿಲ್ಲ. ಬ್ರೀಗೆ ಸುತ್ತಲೂ ಸಲಾಮಿ ಅಂಟಿತ್ತು. ಇದ್ದದ್ದು ಇದ್ದ ಹಾಗೆ ಹೇಳಿದೆ. ‘ಪರವಾಗಿಲ್ಲ, ದ್ರಾಕ್ಷಿ ತಿಂತೀನಿ’ ಅಂತ ನಕ್ಕು, ಇಡೀ ಗೊಂಚಲಿನಿಂದ ಮೂರು ಹಣ್ಣು ಕಿತ್ತುಕೊಂಡು ಹೋದರು. ಆ ಮೂರು ದ್ರಾಕ್ಷಿ ನನಗೆ ಇವತ್ತಿಗೂ ಚುಚ್ಚುತ್ತದೆ.

ಕಿಚನ್‌ನಲ್ಲಿ ಹೆಡ್ ಶೆಫ್ ನಂತರದವರು, ಸೂಶೆಫ್, ಬಂದರು. ಬೈಯಲಿಲ್ಲ. ಗ್ಲೌಸ್ ಹಾಕಿಕೊಂಡು ಬ್ರೀಯಿಂದ ಒಂದು ತ್ರಿಕೋನ ಕೊಯ್ದು ಅರ್ಧ ಹೊರಗೆ ಎಳೆದಿಟ್ಟರು. ಪಾರ್ಮಿಜಾನೊಗೆ ಚಾಕುವಿನ ತುದಿ ಚುಚ್ಚಿ ತಿರುವಿ ಒರಟು ತುಂಡು ಒಡೆದರು. ಕತ್ತರಿಯಿಂದ ದ್ರಾಕ್ಷಿಯನ್ನು ನಾಲ್ಕೈದು ಹಣ್ಣಿನ ಪುಟ್ಟ ಗೊಂಚಲು ಮಾಡಿದರು. ನನ್ನ ಗುಲಾಬಿಗಳನ್ನು ಬಿಚ್ಚಿ ಸ್ಲೈಸ್ ಸ್ಲೈಸಾಗಿ ಮಡಚಿ ಹರಡಿದರು. ‘ಮೊದಲ ತುಂಡು ನಾವೇ ತೆಗೀಬೇಕಪ್ಪ, ಅವರು ತೆಗೆಯಲ್ಲ’ ಅಂದರು. ಐದು ನಿಮಿಷದಲ್ಲಿ ಹಲಗೆಯ ಸುತ್ತ ಜನ.

8:30ಕ್ಕೆ ಉಳಿದದ್ದನ್ನು ತೂಗಿದೆ, ವೇಸ್ಟ್ ಶೀಟ್‌ನಲ್ಲಿ 1.1 ಕಿಲೋ. ಹೆಚ್ಚಿನದು ಪಾಟೆ. ಶಾರ್ಕೂಟರಿ ಅನ್ನುವ ಫ್ರೆಂಚ್ ಮಾತು ಹುಟ್ಟಿದ್ದೇ ಬೇಯಿಸಿದ ಮಾಂಸದಿಂದ. ಪಾಟೆಯಂಥದ್ದೇ ಈ ಕಸುಬಿನ ಬೇರು, ನಾನು ಅದನ್ನು ಗುಲಾಬಿಗಳ ಹಿಂದೆ ಅಡಗಿಸಿಟ್ಟಿದ್ದೆ. ಒಣಗಿದ ಪ್ರೊಶುಟ್ಟೊ ಬಿನ್ನಿಗೆ ಹಾಕುವಾಗ ಇನ್ನೂ ಸಂಕಟವಾಯಿತು. ಹಂದಿಯ ತೊಡೆ, ಉಪ್ಪು, ಗಾಳಿ, ವರ್ಷಕ್ಕೂ ಮೀರಿದ ಕಾಯುವಿಕೆ. ಅಷ್ಟನ್ನೂ ನಾನು ಎರಡು ಗಂಟೆಯಲ್ಲಿ ಕೆಡಿಸಿದ್ದೆ.

ಈಗ ಒಂದು ದೊಡ್ಡ ಬೋರ್ಡ್ ಬದಲು ಚಿಕ್ಕವು ಎರಡು, ಒಂದು ಹೊರಗೆ ಇದ್ದಾಗ ಇನ್ನೊಂದು ಫ್ರಿಜ್‌ನಲ್ಲಿ. ಮೊದಲು ಬಟ್ಟಲು, ಆಮೇಲೆ ಅರ್ಧ ಕೊಯ್ದ ಚೀಸ್, ಕೊನೆಗೆ ಮಾಂಸ. ಚೀಸ್ ಮುಕ್ಕಾಲು ಗಂಟೆ ಮುಂಚೆ ಹೊರಗೆ ಬರಬೇಕು, ಇಲ್ಲದಿದ್ದರೆ ರುಚಿ ಬಿಡುವುದಿಲ್ಲ. ಪಾಟೆ ಮಾತ್ರ ಕೊನೇ ನಿಮಿಷದವರೆಗೆ ತಣ್ಣಗಿರಲಿ. ಕ್ರ್ಯಾಕರ್ ಬೇರೆ ತಟ್ಟೆಯಲ್ಲಿ. ಮಾಂಸ ತಿನ್ನದವರಿಗೆ ಬೇರೆ ಹಲಗೆ, ಬೇರೆ ಇಕ್ಕಳ, ಪ್ರಾಣಿಜನ್ಯವಲ್ಲದ ರೆನೆಟ್ ಅಂತ ಲೇಬಲ್ ಓದಿ ಖಚಿತ ಮಾಡಿಕೊಂಡ ಚೀಸ್. ಚೀಸ್ ನೈಫ್ ನನ್ನ ದುಡ್ಡಿನಲ್ಲೇ ಕೊಂಡೆ. ಇಂಡೆಂಟ್ ಇನ್ನೂ ಪೆಂಡಿಂಗ್.

ಹೋದ ವಾರ ಆ ಹುಡುಗನಿಗೆ, ‘ಫೋಟೊಗೆ ಗುಲಾಬಿ ಒಂದು ಸಾಕು, ಉಳಿದದ್ದು ಬಿಚ್ಚು’ ಅಂದೆ. ಮುಖ ಸಪ್ಪಗಾಯಿತು, ಆದರೂ ಬಿಚ್ಚಿದ. ಬಾಗಿಲು ತೆಗೆಯಲು ಎರಡು ನಿಮಿಷ ಇದ್ದಾಗ ನನ್ನ ಚಾಕು ಕೊಟ್ಟು ಬ್ರೀ ತೋರಿಸಿದೆ.

‘ಇಷ್ಟು ಚೆನ್ನಾಗಿದೆ, ಕೊಯ್ಯಲಾ ಶೆಫ್?’ ಅಂದ.

‘ಕೊಯ್ಯಿ’ ಅಂದೆ.