ಹೆಂಗಸರ ಅಂಗಿ 82, ಚಪ್ಪಲಿ 47 ಜೊತೆ

ರೋಮನ್ ಇತಿಹಾಸದ ಪಾಠದಲ್ಲಿ ಚಕ್ರವರ್ತಿಗಳ ಹೆಸರೆಲ್ಲ ಮರೆತವರಿಗೂ ಮೇಷ್ಟ್ರು ಬೋರ್ಡಿನ ಮೇಲೆ ಬರೆದ ಆ ಜಪ್ತಿಪಟ್ಟಿ ಮರೆತಿರಲಾರದು.

ಕ್ರಿ.ಶ. 303, ಮೇ 19. ಊರು ಸಿರ್ತಾ, ಈಗಿನ ಅಲ್ಜೀರಿಯದ ಕಾನ್‌ಸ್ಟಂಟೀನ್. ಚಕ್ರವರ್ತಿ ಡಯೊಕ್ಲೀಷಿಯನ್ನನ ಆಜ್ಞೆಯಂತೆ ಕ್ರೈಸ್ತರ ಧರ್ಮಗ್ರಂಥಗಳನ್ನು ವಶಪಡಿಸಿಕೊಳ್ಳಲು ನಗರಾಧಿಕಾರಿ ಕ್ರೈಸ್ತರು ಕೂಡುತ್ತಿದ್ದ ಮನೆಗೆ ಬಂದ. ಸಿಕ್ಕಿದ್ದನ್ನೆಲ್ಲ ಬರೆಸಿದ. ಚಿನ್ನದ ಪಾನಪಾತ್ರೆ 2, ಬೆಳ್ಳಿಯವು 6, ಒಂದಷ್ಟು ದೀಪಗಳು. ಆಮೇಲೆ ಹೆಂಗಸರ ಅಂಗಿ 82, ತಲೆಮುಸುಕು 38, ಗಂಡಸರ ಅಂಗಿ 16, ಗಂಡಸರ ಪಾದರಕ್ಷೆ 13 ಜೊತೆ, ಹೆಂಗಸರವು 47 ಜೊತೆ. ಚಿನ್ನ ಬಿಟ್ಟು ಚಪ್ಪಲಿ ಎಣಿಸಿ ಎಂದರು ಮೇಷ್ಟ್ರು. ಪ್ರಾರ್ಥನೆಯ ಮನೆಯೇ ಬಡವರ ಉಗ್ರಾಣವೂ ಆಗಿತ್ತೆಂದು ಆ ಲೆಕ್ಕವೇ ಹೇಳುತ್ತದೆ.

ಹೆಂಗಸರ ಬಟ್ಟೆಯೇ ಏಕೆ ಹೆಚ್ಚು? ವಿಧವೆಯರು. ಎಳೆ ಹುಡುಗಿಯರನ್ನು ವಯಸ್ಸಾದವರಿಗೆ ಕೊಡುತ್ತಿದ್ದ ಕಾಲ ಅದು. 251ರಲ್ಲಿ ರೋಮಿನ ಬಿಷಪ್ ಕೊರ್ನೇಲಿಯಸ್ ಬರೆದ ಪತ್ರದ ಪ್ರಕಾರ ಅಲ್ಲಿನ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಹಿರಿಯ ಪಾದ್ರಿಗಳು 46, ಅವರ ಕೆಳಗಿನ ಸೇವಕರಾದ ಡೀಕನ್ನರು 7. ಸಭೆಯ ಅನ್ನ ಉಣ್ಣುತ್ತಿದ್ದ ವಿಧವೆಯರು, ದಿಕ್ಕಿಲ್ಲದವರು 1,500ಕ್ಕೂ ಹೆಚ್ಚು. ಹೊರೆ ತಾಳದೆಂಬ ಭಯ ಮೊದಲಿನಿಂದಲೂ ಇತ್ತು. ವಿಧವೆಯರ ಪಟ್ಟಿಗೆ ಸೇರಲು 60 ತುಂಬಿರಬೇಕು, ಮಕ್ಕಳು ಮೊಮ್ಮಕ್ಕಳಿದ್ದರೆ ಅವರೇ ಸಾಕಬೇಕು ಎಂದು ಬೈಬಲಿನಲ್ಲಿ ತಿಮೊಥೆಗೆ ಬರೆದ ಮೊದಲ ಪತ್ರದಲ್ಲೇ ಕಟ್ಟಳೆಯಿದೆ.

ದುಡ್ಡು ಎಲ್ಲಿಂದ? ಉತ್ತರ ಆಫ್ರಿಕದ ಕಾರ್ಥೇಜಿನ ಕ್ರೈಸ್ತ ಲೇಖಕ ಟೆರ್ಟುಲಿಯನ್ 197ರ ಸುಮಾರಿಗೆ ವಿವರಿಸುತ್ತಾನೆ: ತಿಂಗಳಿಗೊಮ್ಮೆ, ಮನಸ್ಸಿದ್ದರೆ, ಕೈಲಾದಷ್ಟು ಪೆಟ್ಟಿಗೆಗೆ ಹಾಕುವುದು. ಅದು ಬಡವರ ಶವಸಂಸ್ಕಾರ, ಅನಾಥರು, ಮುದಿ ಗುಲಾಮರು, ಹಡಗು ಒಡೆದವರು, ಗಣಿಗೆ ತಳ್ಳಲ್ಪಟ್ಟವರಿಗೆ ಖರ್ಚು. ಕೈಯಲ್ಲಿ ಕಾಸೇ ಇಲ್ಲದವನಿಗೆ ರೋಮಿನ ಕ್ರೈಸ್ತ ಲೇಖಕ ಹೆರ್ಮಸ್ ದಾರಿ ತೋರಿಸಿದ. ಉಪವಾಸದ ದಿನ ಬರೀ ರೊಟ್ಟಿ, ನೀರು. ಆ ದಿನ ತಿನ್ನಬೇಕಿದ್ದುದರ ಬೆಲೆ ಲೆಕ್ಕ ಹಾಕಿ, ಅಷ್ಟನ್ನು ವಿಧವೆಗೋ ಅನಾಥನಿಗೋ ಕೊಡು. ಉಳಿತಾಯವಿಲ್ಲದವನು ಹೊಟ್ಟೆಯಿಂದಲೇ ದಾನ ತೆಗೆಯಬೇಕು. ಇದಕ್ಕಿಂತ ನಿಷ್ಠುರವಾದ ಭಕ್ತಿ ನನಗೆ ತಿಳಿದಿಲ್ಲ.

ಕೆಡುತ್ತಿದ್ದದ್ದು ಊಟದಲ್ಲಿ. ಗ್ರೀಸಿನ ಕೊರಿಂಥದ ಕ್ರೈಸ್ತರ ಸಹಭೋಜನದಲ್ಲಿ ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಅಮಲು. ಉಳ್ಳವರು ತಂದದ್ದನ್ನು ಮೊದಲೇ ತಿಂದು ಮುಗಿಸುತ್ತಿದ್ದರು. ಒಬ್ಬರಿಗೊಬ್ಬರು ಕಾಯಿರಿ ಎಂದು ಧರ್ಮಪ್ರಚಾರಕ ಪೌಲ ಗದರಬೇಕಾಯಿತು.

ಇನ್ನು ಭಕ್ತಿಯ ವೇಷದವರು. ದಿದಾಖೆ ಎಂಬ ಹಳೆಯ ಕ್ರೈಸ್ತ ಕೈಪಿಡಿ ಅವರನ್ನು ಚೆನ್ನಾಗಿ ಬಲ್ಲದು. ದಾರಿಹೋಕನಿಗೆ ಎರಡು ಮೂರು ದಿನ ಆಶ್ರಯ. ಉಳಿಯುವುದಾದರೆ ಕಸುಬು ಮಾಡಿ ಉಣ್ಣಲಿ, ಒಪ್ಪದವನು ಕ್ರಿಸ್ತನ ಹೆಸರಲ್ಲಿ ವ್ಯಾಪಾರ ಮಾಡುವವನು. ಅಪೊಸ್ತಲನೆಂದು, ಅಂದರೆ ಊರೂರು ಸುತ್ತುವ ಧರ್ಮದೂತನೆಂದು, ಬಂದವನಿಗೆ ಒಂದು ದಿನ, ತೀರಾ ಬೇಕಾದರೆ ಎರಡು. ಮೂರನೆಯ ದಿನವೂ ಕೂತರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ತಂಗುದಾಣ ಸೇರುವಷ್ಟು ರೊಟ್ಟಿ ಕೊಡಿ. ದುಡ್ಡು ಕೇಳಿದನೋ, ಅವನೂ ಸುಳ್ಳು ಪ್ರವಾದಿಯೇ.