ಸೋಲಾರ್ ಬೇಲಿಯ ಡಯಾಗ್ರಂ ಓದುವುದು ಹೇಗೆ?

ಕೊಡಗಿನ ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯ ಕಾಫಿ ತೋಟಗಳಲ್ಲಿ ಆನೆ ತಡೆಯಲು ಸೋಲಾರ್ ಬೇಲಿ ಇದ್ದೇ ಇರುತ್ತದೆ. ಸರ್ಕ್ಯೂಟ್ ಸಂಕೇತ ಕಲಿಯುವವರು ನೂರಾರು ಚಿತ್ರ ಬಾಯಿಪಾಠ ಮಾಡುವ ಬದಲು ಆ ಬೇಲಿಯ ಎನರ್ಜೈಸರ್ (ತಂತಿಗೆ ಶಾಕ್ ಕೊಡುವ ಪೆಟ್ಟಿಗೆ) ಡಯಾಗ್ರಂ ಒಂದನ್ನೇ ಸರಿಯಾಗಿ ಓದಲಿ. ಮುಖ್ಯವಾದವು ಬಹುತೇಕ ಅದರಲ್ಲೇ ಇವೆ.

ಮೊದಲಿಗೆ 12 ವೋಲ್ಟ್ ಬ್ಯಾಟರಿ: ಉದ್ದ ಗೆರೆ ಪ್ಲಸ್, ಗಿಡ್ಡ ಗೆರೆ ಮೈನಸ್. ಮುಂದಿನ ಭಾಗ ಅದನ್ನು ಕೆಲವು ನೂರು ವೋಲ್ಟಿಗೆ ಏರಿಸಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಮೂಲಕ, ಚಾರ್ಜ್ ಕೂಡಿಡುವ ಕೆಪಾಸಿಟರಿಗೆ ತುಂಬುತ್ತದೆ. ಡಯೋಡಿನ ತ್ರಿಕೋನದ ತುದಿಯಲ್ಲಿರುವ ಅಡ್ಡಗೆರೆ ಕ್ಯಾಥೋಡ್, ಅಂದರೆ ಕರೆಂಟು ಹೊರಬರುವ ಕಡೆ. ಕೈಯಲ್ಲಿರುವ ಡಯೋಡಿನ ಮೇಲೆ ಅದೇ ಪಟ್ಟಿಯಾಗಿ ಕಾಣುತ್ತದೆ. ಕ್ಯಾಥೋಡ್ ಬಳಿ ಮೂರನೇ ಕಾಲೊಂದು ಓರೆಯಾಗಿ ಹೊರಟಿದ್ದರೆ ಅದು ಎಸ್‌ಸಿಆರ್ (ಸಿಗ್ನಲ್ ಕೊಟ್ಟಾಗ ಕರೆಂಟು ಬಿಡುವ ಸ್ವಿಚ್), ಆ ಕಾಲು ಗೇಟ್. ಸುಮಾರು ಸೆಕೆಂಡಿಗೊಮ್ಮೆ ಗೇಟಿಗೆ ಸಿಗ್ನಲ್ ಬಂದಾಗ ಕೆಪಾಸಿಟರಿನ ಚಾರ್ಜೆಲ್ಲ ಒಮ್ಮೆಲೇ ಟ್ರಾನ್ಸ್‌ಫಾರ್ಮರಿಗೆ ಸುರಿದು, ಬೇಲಿ ತಂತಿಗೆ ಸಾವಿರಾರು ವೋಲ್ಟಿನ ಹೊಡೆತ ಹೋಗುತ್ತದೆ.

ಎರಡು ಸಮಾನಾಂತರ ಗೆರೆಯ ಆ ಕೆಪಾಸಿಟರ್ ನೋಡಲು ಸಾಧು. 10 ಮೈಕ್ರೋಫ್ಯಾರಡ್, 500 ವೋಲ್ಟ್ ಎಂದಿದ್ದರೆ ಅದರಲ್ಲಿ 1.25 ಜೂಲ್ ಕೂತಿದೆ. ಬ್ಯಾಟರಿ ಕಳಚಿದ ಮೇಲೂ ಹೊಡೆಯುತ್ತದೆ. 22 ಕಿಲೋಓಮ್, 5 ವ್ಯಾಟ್ ರೆಸಿಸ್ಟರನ್ನು ಇನ್ಸುಲೇಟೆಡ್ ಕ್ಲಿಪ್ಪಿನಿಂದ ಕೆಪಾಸಿಟರಿನ ಎರಡು ಕಾಲುಗಳಿಗೆ ಐದು ಸೆಕೆಂಡ್ ಅಡ್ಡ ಹಿಡಿದು, ಮೀಟರಿನಲ್ಲಿ ಸೊನ್ನೆ ನೋಡಿಕೊಂಡೇ ಕೈ ಹಾಕಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವುದು ಕೆಟ್ಟ ಅಭ್ಯಾಸ, ದಯವಿಟ್ಟು ಬೇಡ.

ಗೆರೆಗಳು ಒಂದನ್ನೊಂದು ದಾಟುವಲ್ಲಿ ಚುಕ್ಕೆ ಇದ್ದರೆ ಮಾತ್ರ ಜೋಡಣೆ. ಈ ಚುಕ್ಕೆ ಜೆರಾಕ್ಸಿನಲ್ಲಿ ಮಾಸಿಹೋಗುತ್ತದೆ. ದಶಮಾಂಶದ ಚುಕ್ಕೆಯೂ ಹಾಗೆಯೇ, ಅದಕ್ಕೇ 4.7 ಕಿಲೋಓಮನ್ನು '4ಕೆ7' ಎಂದು ಬರೆಯುತ್ತಾರೆ. ಇನ್ನು ಮೂರಂಕಿಯ ಕೋಡ್ (ಕೊನೆಯ ಅಂಕಿ ಎಷ್ಟು ಸೊನ್ನೆ ಎಂದು ಹೇಳುತ್ತದೆ): ಸೆರಾಮಿಕ್ ಕೆಪಾಸಿಟರಿನ ಮೇಲೆ 471 ಎಂದರೆ 470 ಪಿಕೋಫ್ಯಾರಡ್. ಸಿಡಿಲಿನ ಸರ್ಜ್ ತಡೆಯುವ ಎಂಒವಿ ಮೇಲೆ ಅದೇ 471 ಎಂದರೆ 470 ವೋಲ್ಟ್. ಎರಡೂ ಬಿಲ್ಲೆಯಂತೆ ಇರುತ್ತವೆ. ಡಯಾಗ್ರಂನಲ್ಲಿ ಎಂಒವಿಗೆ ಆಯತದ ಮೇಲೆ ಓರೆಗೆರೆ ಇರುತ್ತದೆ, ಅದನ್ನು ನೋಡಿಯೇ ನಿರ್ಧರಿಸಬೇಕು.

ಅತಿ ಹೆಚ್ಚು ತಪ್ಪಾಗುವುದು ಅರ್ಥ್ ಸಂಕೇತದಲ್ಲಿ. ಕೆಳಗೆ ಹೋದಂತೆ ಗಿಡ್ಡವಾಗುವ ಮೂರು ಗೆರೆ ಎಂದರೆ ನಿಜವಾದ ಮಣ್ಣು. ಬಾಚಣಿಗೆಯಂಥದ್ದು ಲೋಹದ ಪೆಟ್ಟಿಗೆಯ ಮೈ. ಖಾಲಿ ತ್ರಿಕೋನ ಸರ್ಕ್ಯೂಟಿನ ಕಾಮನ್ ಅಷ್ಟೆ. ಬೇಲಿಯಲ್ಲಿ ಆ ಮೂರು ಗೆರೆ ಹೆಸರಿಗೆ ಹಾಕಿದ್ದಲ್ಲ: ಕರೆಂಟು ತಂತಿಯಿಂದ ಆನೆಯ ಮೈಗೆ, ಅಲ್ಲಿಂದ ಮಣ್ಣಿಗೆ, ಮಣ್ಣಿನಿಂದ ಅರ್ಥ್ ರಾಡಿಗೆ ವಾಪಸು ಬರಲೇಬೇಕು. ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ, ಮಣ್ಣು ಒಣಗಿ ಬಿರುಕು ಬಿಟ್ಟಾಗ, ಎನರ್ಜೈಸರ್ ಸರಿಯಿದ್ದರೂ ಬೇಲಿ ಸಪ್ಪೆಯಾಗುವುದು ಇದರಿಂದಲೇ.

ಅರ್ಥಿನ ಪರೀಕ್ಷೆ ಸುಲಭ. ಎನರ್ಜೈಸರ್ ಆಫ್ ಮಾಡಿ, ನೂರು ಮೀಟರ್ ಆಚೆ ಮಣ್ಣಿಗೆ ನೆಟ್ಟ ಕಬ್ಬಿಣದ ಸಲಾಕೆಗಳನ್ನು ಬೇಲಿಗೆ ತಾಗಿಸಿಟ್ಟು, ಮತ್ತೆ ಆನ್ ಮಾಡಿ. ತಂತಿಯ ವೋಲ್ಟೇಜ್ 2000ಕ್ಕಿಂತ ಕೆಳಗಿಳಿದಿರಬೇಕು. ಆಗ ಅರ್ಥ್ ರಾಡಿಗೂ ಒಂದು ಮೀಟರ್ ದೂರದ ಮಣ್ಣಿಗೂ ನಡುವೆ ಬೇಲಿ ಟೆಸ್ಟರ್ ಹಿಡಿಯಿರಿ. ಸಾಮಾನ್ಯ ಮೀಟರ್ ಈ ಪಲ್ಸ್ ಹಿಡಿಯುವುದಿಲ್ಲ. 300 ವೋಲ್ಟ್ ದಾಟಿದರೆ ಮೂರು ಮೀಟರಿಗೊಂದರಂತೆ ಇನ್ನಷ್ಟು ರಾಡ್ ಹಾಕಿ. ಬೇಲಿಯ ಅರ್ಥನ್ನು ಮನೆಯ ಅರ್ಥಿಂಗಿಗೆ ಮಾತ್ರ ಎಂದೂ ಜೋಡಿಸಬೇಡಿ, ಅದರಿಂದ ಹತ್ತು ಮೀಟರಾದರೂ ದೂರವಿರಲಿ.